ಹನ್ನೆರಡು ಪುಟದ ದಾರಿ

ದಾವಣಗೆರೆಯಿಂದ ಹರಿಹರಕ್ಕೆ ಹನ್ನೆರಡು ಪುಟ.
ವರ್ಣನೆ ಕಡಿಮೆ, ಮಾತು ಜಾಸ್ತಿ ಇದ್ದರೆ ಹದಿನಾರು.
ಅಮರಾವತಿ ಕಾಲೊನಿಯಲ್ಲಿ ಸಿಗ್ನಲ್ ಸಿಗದೆ ನಿಂತರೆ
ಒಂದು ಅಧ್ಯಾಯ ಪೂರ್ತಿ.
ಕಿಲೋಮೀಟರು ಎಷ್ಟೆಂದು ಕೇಳಿದರೆ
ಈಗಲೂ ತಡವರಿಸುತ್ತೇನೆ.

ಲೇತಿನ ಮುಂದೆ ಎಂಟು ತಾಸು ನಿಲ್ಲುವವನು,
ಬೆರಳ ಸಂದಿಯ ಎಣ್ಣೆ ಯಾವ ಸೋಪಿಗೂ ಬಗ್ಗದು.
ಲೈಬ್ರರಿಯ ಸರ್ವಮಂಗಳ ಮೇಡಂ
ಪುಟದ ಮೂಲೆ ನೋಡಿಯೇ ಹೇಳುವರು,
"ಇದು ನೀವು ಓದಿಯಾಗಿದೆ, ಕೊಟ್ರಪ್ಪ."

ಆರುನೂರು ಪುಟದ್ದೊಂದು, ನೀಲಿ ರಟ್ಟು,
ಒಂದೇ ಮನೆಯ ಮೂರು ತಲೆಮಾರು.
ತಿಂಗಳು ಪೂರ್ತಿ ಅವರ ಅನ್ನದ ಋಣದಲ್ಲಿದ್ದೆ.
ಆ ಮನೆಯ ಅಜ್ಜ ತೀರಿಕೊಂಡದ್ದು ಸೋಮವಾರ, ಬೆಳಗಿನ ಪಾಳಿ.
ಗೇಟಿನಲ್ಲಿ ಟೈಂಕೀಪರ್ ಮುಖ ನೋಡಿ ಕೇಳಿದ,
"ಯಾರು ಹೋದ್ರು? ಹತ್ತಿರದವ್ರಾ?"
ಹೌದೆಂದೆ.

ಕೊಲೆಗಾರನನ್ನು ಹುಡುಕುವುದು ಇನ್ನೊಂದು,
ಹೊಲಿಗೆ ಸಡಿಲ, ನಡುವೆ ಎಂಟು ಪುಟ ಮಾಯ.
ತಲೆ ಎತ್ತುವಷ್ಟರಲ್ಲಿ ಕಾಲಡಿ ಗುಡುಗುಡು,
ತುಂಗಭದ್ರೆಯ ಸೇತುವೆ. ಹರಿಹರ ಹಿಂದೆ ಉಳಿದಿತ್ತು.
ಚಳಗೇರಿಯಲ್ಲಿ ಇಳಿದು ವಾಪಸು ಬರುವಾಗ
ಅರ್ಧ ದಿನದ ಪಗಾರ ಹೋಗಿತ್ತು.
ಕೊಂದವನು ಅಡುಗೆಯವನು.
ಅರ್ಧ ದಿನಕ್ಕೆ ದುಬಾರಿ ಆಯಿತು ಅನ್ನಿ.

ಮತ್ತೊಂದರಲ್ಲಿ ಏನೂ ನಡೆಯುವುದಿಲ್ಲ.
ಒಬ್ಬ ಪೋಸ್ಟ್‌ಮಾಸ್ಟರ್, ಒಂದು ಬೇಸಿಗೆ,
ಮುಚ್ಚಲು ಬಾರದ ಒಂದು ಕಿಟಕಿ.
ಮೂರು ಸಲ ಓದಿದೆ. ಯಾಕೆಂದು ಕೇಳಬೇಡಿ,
ಒಳ್ಳೆಯ ಬೇರಿಂಗಿಗೂ ಸದ್ದಿರುವುದಿಲ್ಲ.

ಎದುರು ಸೀಟಿನಲ್ಲಿ ದಸ್ತಗೀರ್,
ಮೋಲ್ಡಿಂಗ್ ಶಾಪಿನವನು, ಅಕ್ಷರ ಬಾರದು.
ನಾನು ಓದುವುದನ್ನು ಸುಮ್ಮನೆ ನೋಡುತ್ತಿದ್ದು
ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಮಂಡಕ್ಕಿ ಪೊಟ್ಟಣ ಬಿಚ್ಚಿ
ಬಾಡಿಗೆ ವಸೂಲು ಮಾಡುವನು:
"ಏನಾತಪ್ಪ ಆ ಯಮ್ಮಂದು?"
ಕೆಟ್ಟ ಕೊನೆಗಳನ್ನು ತಿದ್ದಿ ಹೇಳುತ್ತಿದ್ದೆ.
ಬರೆದವರ ಮೇಲೆ ಸಿಟ್ಟಿಲ್ಲ,
ಕೂದಲೆಳೆಯಷ್ಟು ಹೆಚ್ಚಿದ್ದರೆ ತೆಗೆಯುವುದು
ನನ್ನ ಕಸುಬು.

ಕಾರ್ಖಾನೆಗೆ ಬೀಗ ಬಿದ್ದ ದಿನ
ಚೀಲದಲ್ಲೊಂದು ಹಸಿರು ರಟ್ಟಿನ ಕಾದಂಬರಿ,
ಇನ್ನೂರ ಒಂದನೆಯ ಪುಟದಲ್ಲಿ ರೈಲ್ವೆ ಪಾಸು.
ನೀಲಾಂಬಿಕೆ ಹೊಲಿಗೆ ಮೆಷಿನ್ ಎತ್ತಿಕೊಂಡು
ಗಂಡನ ಮನೆಯ ಮೆಟ್ಟಿಲಿಳಿಯುತ್ತಿದ್ದಳು.
ಮೂರು ತಿಂಗಳು ಹಾಗೇ ನಿಂತಿದ್ದಳು,
ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ.
ಮನೆಯಲ್ಲಿ ಓದಲು ಕೂತೆ. ಸಾಲು ಅಲುಗಲಿಲ್ಲ.
ಅಲುಗದ ಅಕ್ಷರ ನನಗೆ ಓದಲು ಬಾರದು.

ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕ ದಸ್ತಗೀರ್,
ತಳ್ಳುಗಾಡಿ, ಬಾಳೆಹಣ್ಣು.
ಬಾಕಿ ಸಂಬಳದ ಮಾತಿಲ್ಲ, ಯೂನಿಯನ್ನಿನ ಮಾತಿಲ್ಲ.
"ಇಳಿದ್ಲಾ ಮಾರಾಯ, ಪೂರಾ?
ಆ ಮೆಷಿನ್ ಭಾರ ಇರ್ತತಿ."

ಉಳಿದದ್ದು ಹತ್ತೊಂಬತ್ತು ಪುಟ.
ಮರುದಿನ ರಾಣೆಬೆನ್ನೂರಿಗೆ ಎರಡು ಟಿಕೆಟ್ ಕೊಂಡೆ.
ಮೊದಲ ಸಲ ಅವನಿಗೆ ಕೇಳುವಂತೆ ಓದಿದೆ,
ಶಾಲೆಯ ಹುಡುಗನ ಹಾಗೆ, ಬೆರಳಿಟ್ಟುಕೊಂಡು.
ಹರಿಹರ ಬಂತು. ಇಬ್ಬರೂ ಕಿಟಕಿಯಾಚೆ ನೋಡಲಿಲ್ಲ.
ಸೇತುವೆಯ ಮೇಲೆ ಕೂಗಿ ಓದಬೇಕಾಯಿತು,
ನೀಲಾಂಬಿಕೆಯ ಗುಟ್ಟು ಬೋಗಿಗೆಲ್ಲ ಗೊತ್ತಾಯಿತು.

ಕೊನೆಯ ಪುಟದಲ್ಲಿ ಅವಳು ವಾಪಸು ಹೋಗುತ್ತಾಳೆ.
ಮೆಷಿನ್ ಸಮೇತ.

ನಾನು ಓದಿದೆ:
"ಬಾಡಿಗೆ ಕೋಣೆಯಲ್ಲಿ ಮೊದಲ ರವಿಕೆ ಹೊಲಿದಳು.
ತೋಳು ಸ್ವಲ್ಪ ಬಿಗಿಯಾಯಿತು."

ದಸ್ತಗೀರ್ ಹಣ್ಣಿನ ಸಿಪ್ಪೆ ಕಿಟಕಿಯಿಂದ ಎಸೆದ.
"ಸುಳ್ಳು.
ಹನ್ನೊಂದು ವರ್ಷ ನಿನ್ನ ಎದುರಿಗೆ ಕುಂತೀನಿ.
ಓದುವಾಗ ನಿನ್ನ ಕಣ್ಣು ಹೋಗ್ತಾವು, ಬರ್ತಾವು.
ಈಗ ನಿಂತಿದ್ವು."

ಪುಸ್ತಕ ಮುಚ್ಚಿದೆ.
ಚಳಗೇರಿಯಲ್ಲಿ ಯಾರೋ ಹತ್ತಿದರು, ಯಾರೋ ಇಳಿದರು.

"ಇರ್ಲಿ ಬಿಡು," ಅಂದ.
"ಆ ತೋಳು ಬಿಚ್ಚಿ ಮತ್ತೆ ಹೊಲೀತಾಳಾ?
ಮುಂದಕ್ಕೋದು."